ಲಾರಿಯ ಎರಡನೇ ಗೇರ್‌ಬಾಕ್ಸು ಮತ್ತು ಒಂದು ತಪ್ಪು ಎಣ್ಣೆ

ಜಕ್ಕೂರಿನಲ್ಲಿ ನಿಂತು ಆಕ್ಸಲ್ ಅಂದರೆ ಎಲ್ಲರೂ ಯಲಹಂಕದ ಕಡೆ ಕೈ ತೋರಿಸ್ತಾರೆ. ರೈಲಿನ ಗಾಲಿ, ಅಚ್ಚು ತಯಾರಿಸುವ ಕಾರ್ಖಾನೆ 1984ರಿಂದ ಅಲ್ಲೇ ಇದೆಯಲ್ಲ, ಅದಕ್ಕೆ. ನಾನು ಬರೆಯಹೊರಟಿರೋದು ಅದರ ಬಗ್ಗೆ ಅಲ್ಲ. ಲಾರಿಯ ಹಿಂದಿನ ಆಕ್ಸಲ್ ಬಗ್ಗೆ, ಅದೂ ಎರಡು ಸ್ಪೀಡಿನ ಆಕ್ಸಲ್ ಬಗ್ಗೆ. ಹೋದ ತಿಂಗಳವರೆಗೆ ಅಂಥದ್ದೊಂದು ಇತ್ತು ಅನ್ನೋದೇ ನನಗೆ ಗೊತ್ತಿರಲಿಲ್ಲ.

ನಮ್ಮ ಮನೆಯಿಂದ ಬಳ್ಳಾರಿ ರಸ್ತೆಗೆ ಹೋಗುವ ದಾರಿಯಲ್ಲಿ ಒಂದು ಹಳೇ ಲಾರಿ ಗ್ಯಾರೇಜಿದೆ. ಈಗ ಅಲ್ಲಿ ನೀರಿನ ಟ್ಯಾಂಕರು, ಟಿಪ್ಪರುಗಳದ್ದೇ ಕೆಲಸ. ಮೇಸ್ತ್ರಿಗೆ ಎಂಬತ್ತರ ಹತ್ತಿರ ವಯಸ್ಸು. ಸ್ಪ್ಯಾನರ್ ಹಿಡಿಯೋದು ಮಗ, ಇವರು ಕುರ್ಚಿ ಹಾಕ್ಕೊಂಡು ಕೂತು ತಪ್ಪು ಹಿಡಿಯೋದು. ಅಲ್ಲಿ ಬಾಗಿಲು ಗಾಳಿಗೆ ಬಡಿದುಕೊಳ್ಳದ ಹಾಗೆ ಒಂದು ಎರಕದ ಮುದ್ದೆ ಇಟ್ಟಿದ್ರು. ಒಂದು ಮಗ್ಗುಲಿಗೆ ಅಂಗೈ ಅಗಲದ ಮೋಟರು, ಮೇಲೆ ಈಟನ್ ಅಂತ ಎರಕದಲ್ಲೇ ಮೂಡಿದ ಅಕ್ಷರ.

"ಇದೇನು ಮೇಸ್ತ್ರಿ, ವೈಪರ್ ಮೋಟರಾ?" ಅಂದೆ.

"ವೈಪರ್ರಾ! ಸಾರ್, ಇದು ಹೌಸಿಂಗ್‌ಗೆ ಗೇರ್ ಹಾಕ್ತಿದ್ದ ಮೋಟರು."

ಹೌಸಿಂಗ್‌ಗೆ ಗೇರಾ? ಗೇರ್ ಬದಲಾಗೋದು ಡ್ರೈವರ್ ಪಕ್ಕದ ಗೇರ್‌ಬಾಕ್ಸಲ್ಲಿ ಅಲ್ವಾ, ಹಿಂದಿನ ಚಕ್ರಗಳ ನಡುವಿನ ಆ ಗುಂಡು ಡಬ್ಬಿಯೊಳಗೆ ಇರೋದು ಕ್ರೌನ್-ಪಿನಿಯನ್ ಮಾತ್ರ ತಾನೆ? ಇಂಜಿನಿಯರಿಂಗ್ ಮಾಡಿದ್ದೀನಿ ಅಂತ ಹೇಳ್ಕೊಳ್ಳೋಕೆ ನಾಚಿಕೆಯಾಯ್ತು. (ಓದಿದ್ದು ಕಂಪ್ಯೂಟರ್ ಸೈನ್ಸ್ ಅನ್ನೋದು ಬೇರೆ ಮಾತು.) ಆಮೇಲೆ ಎರಡು ಮೂರು ಭಾನುವಾರ ಅಲ್ಲೇ ಕಳೆದೆ, ಮನೆಗೆ ಬಂದು ಹಳೇ ಸರ್ವಿಸ್ ಮ್ಯಾನ್ಯುಯಲ್‌ಗಳನ್ನೂ ಹುಡುಕಿ ಓದಿದೆ.

ವಿಷಯ ಇಷ್ಟು. ಲಾರಿ ಖಾಲಿ ಇರುವಾಗ ಬೇಕಾದ ಗೇರೇ ಬೇರೆ, ಲೋಡು ತುಂಬಿ ಏರು ಹತ್ತುವಾಗ ಬೇಕಾದದ್ದೇ ಬೇರೆ. ಆಗಿನ ಗೇರ್‌ಬಾಕ್ಸಲ್ಲಿ ಇದ್ದದ್ದು ನಾಲ್ಕೇ ಗೇರು, ಒಂದಕ್ಕೂ ಇನ್ನೊಂದಕ್ಕೂ ನಡುವೆ ದೊಡ್ಡ ಕಂದಕ. ಒಂದು ಲೆಕ್ಕ ನೋಡಿ. ಮೂರನೇ ಗೇರಿನ ಅನುಪಾತ 1.7, ನಾಲ್ಕನೇದು 1 ಅಂತಿಟ್ಟುಕೊಳ್ಳಿ. ಆಕ್ಸಲ್ ಅನುಪಾತ 6.5 ಆದರೆ ಒಟ್ಟು ಸಿಗೋದು ಸುಮಾರು 11 ಮತ್ತು 6.5. ಮಧ್ಯೆ ಏನೂ ಇಲ್ಲ. ಅದೇ ಆಕ್ಸಲ್‌ಗೆ 6.5ರ ಜೊತೆ 9 ಅಂತ ಇನ್ನೊಂದು ಅನುಪಾತ ಕೊಟ್ಟರೆ 15.3, 11, 9, 6.5 ಅಂತ ನಾಲ್ಕು ಮೆಟ್ಟಿಲು ಸಿಗುತ್ತೆ. ನಾಲ್ಕು ಗೇರಿನ ಲಾರಿ ಎಂಟು ಗೇರಿನದ್ದಾಯ್ತು, ಗೇರ್‌ಬಾಕ್ಸ್ ಮುಟ್ಟದೆ!

ಈ ಯೋಚನೆ ಲಾರಿಗಳಿಂದ ಶುರುವಾಗಿದ್ದಲ್ಲ. 1914ರ ಕ್ಯಾಡಿಲಾಕ್ ಕಾರಿನಲ್ಲೇ ಎರಡು ಸ್ಪೀಡಿನ ಆಕ್ಸಲ್ ಇತ್ತು, ಅದೂ ವಿದ್ಯುತ್ ಸ್ವಿಚ್ಚಿನಿಂದ ಬದಲಾಗುವಂಥದ್ದು. ಅಮೆರಿಕದ ಗ್ರಾಂಡ್ ರಾಪಿಡ್ಸ್‌ನಲ್ಲಿದ್ದ ಆಸ್ಟಿನ್ ಅನ್ನೋ ಸಣ್ಣ ಕಂಪನಿ (ಇಂಗ್ಲೆಂಡಿನ ಆಸ್ಟಿನ್ ಅಲ್ಲ) ಇದು ನಮ್ಮ ಪೇಟೆಂಟ್ ಅಂತ ಕೇಸು ಹಾಕಿ ಗೆದ್ದಿತು. ಮುಂದಿನ ವರ್ಷ ಕ್ಯಾಡಿಲಾಕ್ ವಿ-8 ಇಂಜಿನ್ ತಂದು ಆ ಆಕ್ಸಲ್ ಕೈಬಿಟ್ಟಿತು. ಆಮೇಲೆ ಫೋರ್ಡ್ ಮಾಡೆಲ್-ಟಿ ಗಾಡಿಗಳಿಗೆ ರಕ್‌ಸ್ಟೆಲ್ ಆಕ್ಸಲ್ ಅಂತ ಬಂತು, ಅದಕ್ಕೆ ಕೈಯಲ್ಲಿ ಎಳೆಯುವ ಲಿವರ್. ಲಾರಿಗಳ ಲೋಕದಲ್ಲಿ ಇದನ್ನು ಮನೆಮಾತು ಮಾಡಿದ್ದು ಈಟನ್. 1911ರಲ್ಲಿ ವಿಗ್ಗೊ ಟಾರ್ಬೆನ್ಸನ್ ಅನ್ನೋ ಡೆನ್ಮಾರ್ಕ್ ಮೂಲದ ಇಂಜಿನಿಯರ್ ಜೊತೆ ಸೇರಿ ಜೋಸೆಫ್ ಈಟನ್ ನ್ಯೂಜೆರ್ಸಿಯಲ್ಲಿ ಶುರು ಮಾಡಿದ ಲಾರಿ ಆಕ್ಸಲ್ ಕಂಪನಿಯೇ ಅದರ ಮೂಲ. ಮುಂದೆ ಇಂಗ್ಲೆಂಡಿನ ಬೆಡ್‌ಫರ್ಡ್, ಲೇಲ್ಯಾಂಡ್ ಕಾಮೆಟ್ ಲಾರಿಗಳನ್ನೂ ಈಟನ್ ಎರಡು ಸ್ಪೀಡಿನ ಆಕ್ಸಲ್ ಹಾಕಿಸಿಕೊಂಡು ಕೊಳ್ಳಬಹುದಿತ್ತು.

ಒಳಗಿನ ಕೆಲಸ ಸೌರವ್ಯೂಹದ ಥರ. ಕ್ರೌನ್ ಚಕ್ರದ ಒಳಸುತ್ತಿನಲ್ಲೂ ಹಲ್ಲುಗಳಿರುತ್ತವೆ, ಅದರೊಳಗೆ ನಾಲ್ಕು ಪುಟ್ಟ ಗ್ರಹದ ಗೇರುಗಳು, ನಡುವೆ ಅಡ್ಡಡ್ಡ ಜಾರುವ ಒಂದು ಸೂರ್ಯ ಗೇರು. ಸೂರ್ಯನನ್ನು ಒಂದು ಕಡೆ ಜಾರಿಸಿದರೆ ಗ್ರಹಗಳೆಲ್ಲ ಲಾಕ್ ಆಗಿ ಇಡೀ ಸಂಸಾರ ಒಟ್ಟಿಗೆ ತಿರುಗುತ್ತೆ. ಅದು ಹೈ. ಇನ್ನೊಂದು ಕಡೆ ಜಾರಿಸಿದರೆ ಸೂರ್ಯ ಅಲುಗಾಡದೆ ನಿಂತು, ಗ್ರಹಗಳು ಅದರ ಸುತ್ತ ನಡೆಯುತ್ತವೆ, ಚಕ್ರ ನಿಧಾನ ಆಗಿ ಎಳೆತ ಹೆಚ್ಚುತ್ತೆ. ಅದು ಲೋ. ಎರಡರ ಮಧ್ಯೆ ಸಿಕ್ಕಿಕೊಂಡರೆ? ಆಗ ಇಂಜಿನ್‌ಗೂ ಚಕ್ರಕ್ಕೂ ಸಂಬಂಧವೇ ಇಲ್ಲ. ಡ್ರೈವರ್ ಕೈಯಲ್ಲಿರೋ ಗೇರ್ ಲಿವರ್ ಎರಡನೇ ಗೇರಲ್ಲಿದೆ, ಆದರೆ ಹಿಂದೆ ಆಕ್ಸಲ್ ನ್ಯೂಟ್ರಲ್. ಇದನ್ನು ಮನಸ್ಸಲ್ಲಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರ್ತೀನಿ.

ನನಗೆ ಇದರಲ್ಲಿ ನಿಜಕ್ಕೂ ಖುಷಿ ಕೊಟ್ಟದ್ದು ಶಿಫ್ಟ್ ಆಗುವ ರೀತಿ. ಇಂಜಿನ್ ಎಳೀತಾ ಇರುವಾಗ ಹಲ್ಲುಗಳ ಮೇಲೆ ಭಾರಿ ಒತ್ತಡ, ಸೂರ್ಯ ಗೇರನ್ನು ಆಗ ಜಾರಿಸೋಕೆ ಆಗಲ್ಲ. ಒಂದು ಕ್ಷಣ ಒತ್ತಡ ಸಡಿಲಬೇಕು. ಗೇರ್ ಲಿವರ್ ಮೇಲೆ ಒಂದು ಗುಂಡಿ ಇರುತ್ತಿತ್ತು. ಲೋನಿಂದ ಹೈಗೆ ಹೋಗೋಕೆ ಡ್ರೈವರ್ ಆಕ್ಸಿಲರೇಟರ್ ಒತ್ತಿಕೊಂಡೇ ಗುಂಡಿ ಮೇಲೆತ್ತಬೇಕು. ಏನೂ ಆಗಲ್ಲ. ಕಾಲು ತೆಗೆದ ಕ್ಷಣ ಹಿಂದೆ ಟಕ್ ಅಂತ ಗೇರ್ ಬೀಳುತ್ತೆ. ಕೆಳಗಿಳಿಸೋಕೆ ಆಕ್ಸಿಲರೇಟರ್ ಒತ್ತಿಕೊಂಡೇ ಗುಂಡಿ ಒತ್ತಿ, ಕ್ಲಚ್ ಒಮ್ಮೆ ಚಕ್ಕಂತ ತುಳಿದು ಬಿಟ್ಟರಾಯ್ತು.

ನಮ್ಮ ಸಾಫ್ಟ್‌ವೇರ್ ಜನಕ್ಕೆ ಇದು ಗೊತ್ತಿರೋ ವಿಷಯವೇ. ಆಜ್ಞೆ ಕೊಡೋದು ಈಗ, ಅದು ಜಾರಿಯಾಗೋದು ಆಮೇಲೆ, ಮಧ್ಯೆ ಯಾರೋ ಅದನ್ನು ಹಿಡಿದಿಟ್ಟುಕೊಂಡಿರಬೇಕು. ನಾವದಕ್ಕೆ ಕ್ಯೂ ಅಂತೀವಿ. ಎರಡು ಸ್ಪೀಡಿನ ಆಕ್ಸಲ್‌ನ ಶಿಫ್ಟ್ ಚರಿತ್ರೆ ಅಂದರೆ ಆ ಹಿಡಿದಿಟ್ಟುಕೊಳ್ಳುವ ಕೆಲಸ ಯಾರದ್ದು ಅನ್ನೋದರ ಚರಿತ್ರೆ.

ಮೊದಲು ಬಂದದ್ದು ವ್ಯಾಕ್ಯೂಮ್. ಪೆಟ್ರೋಲ್ ಇಂಜಿನ್ ಗಾಳಿ ಎಳೆದುಕೊಳ್ಳುವ ಜಾಗದಲ್ಲಿ ಹುಟ್ಟುವ ನಿರ್ವಾತವನ್ನೇ ರಬ್ಬರ್ ಪೈಪಿನಲ್ಲಿ ಹಿಂದಕ್ಕೆ ಒಯ್ದು ಒಂದು ಡಯಾಫ್ರಾಮ್ ಎಳೆಸುವುದು. ಚೆಂದ ಏನಂದ್ರೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗಲೇ ಆ ನಿರ್ವಾತ ಹೆಚ್ಚೋದು, ಅಂದರೆ ಶಿಫ್ಟ್ ಆಗಬೇಕಾದ ಹೊತ್ತಿಗೇ ಶಕ್ತಿ ಬರೋದು! ಪೈಪು ಬಿರುಕು ಬಿಟ್ಟರೆ ಮಾತ್ರ ಆಟ ಮುಗೀತು. ಡೀಸೆಲ್ ಇಂಜಿನ್‌ನಲ್ಲಿ ಪೆಟ್ರೋಲಿನದ್ದರಂತೆ ಗಾಳಿ ತಡೆಯುವ ಥ್ರಾಟಲ್ ಇಲ್ಲ, ಹಾಗಾಗಿ ಈ ಪುಕ್ಕಟೆ ನಿರ್ವಾತವೂ ಇಲ್ಲ.

ಆಮೇಲೆ ವಿದ್ಯುತ್, ಅಂದರೆ ಮೇಸ್ತ್ರಿಯ ಬಾಗಿಲಿನ ಮುದ್ದೆ. ಮೋಟರು ನೇರವಾಗಿ ಗೇರನ್ನು ತಳ್ಳಲ್ಲ. ಅದು ಒಂದು ಸ್ಕ್ರೂ ತಿರುಗಿಸುತ್ತೆ, ಸ್ಕ್ರೂ ಮೇಲಿನ ನಟ್ಟು ಸರಿದು ಒಂದು ದಪ್ಪ ಸ್ಪ್ರಿಂಗನ್ನು ಮುರಿಗೊಳಿಸುತ್ತೆ. ಪೂರ್ತಿ ಮುರಿಗೊಂಡ ಮೇಲೆ ಒಳಗಿನ ಸ್ವಿಚ್ಚು ಮೋಟರನ್ನು ತಾನೇ ನಿಲ್ಲಿಸುತ್ತೆ. ಈಗ ಸ್ಪ್ರಿಂಗ್ ಕಾಯ್ತಾ ಕೂತಿರುತ್ತೆ. ಹಲ್ಲಿನ ಒತ್ತಡ ಸಡಿಲಿದ ತಕ್ಷಣ ಸೂರ್ಯ ಗೇರನ್ನು ಒಂದೇ ಏಟಿಗೆ ಆಚೆ ತಳ್ಳುತ್ತೆ. ಯಾರು ಯೋಚಿಸಿದರೋ, ಪುಣ್ಯಾತ್ಮ.

ಇದರ ಸರ್ವಿಸ್ ದೊಡ್ಡ ವಿದ್ಯೆಯಲ್ಲ, ಆದರೆ ಮರೆಯೋದು ಸುಲಭ. ಬ್ಯಾಟರಿಯಿಂದ ಅಷ್ಟು ದೂರ ಹೋದ ವೈರು ಕೆಸರು, ನೀರಿನಲ್ಲಿ ಕೊಳೆಯುತ್ತೆ. ಹೌಸಿಂಗ್ ಮೈಗೆ ಸಿಗಬೇಕಾದ ಅರ್ತ್ ತುಕ್ಕಿನಿಂದ ಕಳಚುತ್ತೆ. ಟೆಸ್ಟ್ ಲ್ಯಾಂಪ್ ಹಿಡಿದು ಮೋಟರಿನ ತನಕ ಕರೆಂಟು ಬರ್ತಿದೆಯಾ ಅಂತ ಮೊದಲು ನೋಡಬೇಕು, ಆಮೇಲೆ ಬಿಚ್ಚಬೇಕು. ಸ್ಪೀಡೋಮೀಟರಿಗೂ ಒಂದು ಅಡಾಪ್ಟರ್ ಇತ್ತು. ಮೀಟರ್ ಕೇಬಲ್ ಹೊರಡೋದು ಗೇರ್‌ಬಾಕ್ಸಿನಿಂದ, ಲೋ ಹಾಕಿದ್ದು ಅದಕ್ಕೆ ತಿಳಿಯಲ್ಲ, ಅಡಾಪ್ಟರ್ ಕೆಟ್ಟರೆ ಓಡಿದ್ದಕ್ಕಿಂತ ಹೆಚ್ಚು ಮೈಲಿ ತೋರಿಸುತ್ತೆ. "ಅದನ್ನ ರಿಪೇರಿ ಮಾಡಿ ಅಂತ ಯಾವ ಡ್ರೈವರೂ ಕೇಳ್ತಿರಲಿಲ್ಲ" ಅಂತ ಮೇಸ್ತ್ರಿ ನಕ್ಕರು. :-)

ಎಲ್ಲಕ್ಕಿಂತ ಮುಖ್ಯವಾದದ್ದು ಎಣ್ಣೆ. ಶಿಫ್ಟ್ ಮೋಟರಿನ ಡಬ್ಬಿಗೆ ಆಕ್ಸಲ್‌ಗೆ ಹಾಕುವ ದಪ್ಪ ಗೇರ್ ಆಯಿಲ್ ಹಾಕಬಾರದು. ಅದರ ಎಣ್ಣೆ ಬೇರೆ: 10 ನಂಬರಿನ ತೆಳ್ಳನೆ ಇಂಜಿನ್ ಆಯಿಲ್. ತುಂಬಾ ಚಳಿಯ ದೇಶಗಳಲ್ಲಾದರೆ ಅದಕ್ಕೂ ಸ್ವಲ್ಪ ಸೀಮೆಎಣ್ಣೆ ಬೆರೆಸಿ ಅನ್ನುತ್ತೆ ಮ್ಯಾನ್ಯುಯಲ್.

ಇದನ್ನು ಓದಿ ಹೇಳಿದಾಗ ಮೇಸ್ತ್ರಿ ಸುಮ್ಮನಾದರು. ಆಮೇಲೆ ಹೇಳಿದ ಕಥೆ ಇದು.

ಅರವತ್ತರ ದಶಕ. ಇವರು ಯಶವಂತಪುರದ ಒಂದು ಗ್ಯಾರೇಜಲ್ಲಿ ಕೆಲಸ ಕಲಿಯೋ ಹುಡುಗ, ಹದಿನಾರು ಹದಿನೇಳು ವಯಸ್ಸು. ಒಂದು ಹಳೇ ಅಮೆರಿಕನ್ ಲಾರಿ ಸರ್ವಿಸ್‌ಗೆ ಬಂತು. ಹೌಸಿಂಗ್‌ಗೆ 140 ಗೇರ್ ಆಯಿಲ್ ತುಂಬು ಅಂದ್ರು, ತುಂಬಿದರು. ಪಕ್ಕದ ಮುದ್ದೆಯಲ್ಲೂ ಒಂದು ಪ್ಲಗ್ ಕಾಣಿಸ್ತು, ಅದಕ್ಕೂ ಅದನ್ನೇ ತುಂಬಿದರು. ಕೇಳಿದ್ದರೆ ಬೈತಾರೆ ಅಂತ ಕೇಳಲಿಲ್ಲ. ಬೆಂಗಳೂರಲ್ಲಿ ಬಿಸಿಲಿಗೆ ಏನೂ ಗೊತ್ತಾಗಲಿಲ್ಲ. ಲಾರಿ ಆಲೂಗಡ್ಡೆ ಲೋಡು ಹೇರಿಕೊಂಡು ಮಂಗಳೂರಿಗೆ ಹೋಯ್ತು. ಚಾರ್ಮಾಡಿ ಘಾಟಿ, ಮಳೆಗಾಲದ ಬೆಳಗಿನ ಜಾವ. ಇಳಿಜಾರು ಶುರುವಾದ ಮೇಲೆ ಡ್ರೈವರ್ ಲೋ ಗುಂಡಿ ಒತ್ತಿದ. (ಇಳಿಜಾರಿಗೆ ಮುಂಚೆಯೇ ಹಾಕಬೇಕು, ಇಳೀತಾ ಹಾಕಬಾರದು ಅನ್ನೋದು ನಿಯಮ.) ಚಳಿಗೆ ಜೇನಿನಂತಾಗಿದ್ದ ಎಣ್ಣೆಯಲ್ಲಿ ಮೋಟರು ಹೆಣಗಾಡಿ ಅರ್ಧಕ್ಕೆ ನಿಂತಿತು. ಸೂರ್ಯ ಗೇರು ಆ ಕಡೆ ಬಿಟ್ಟಿತು, ಈ ಕಡೆ ಹಿಡಿಯಲಿಲ್ಲ. ಲಾರಿ ಹಗುರಾಗಿ ಓಡತೊಡಗಿತು, ಇಂಜಿನ್ ಹಿಡಿತ ಇಲ್ಲ, ಬರೀ ಬ್ರೇಕು. ಎರಡು ತಿರುವು ದಾಟೋ ಹೊತ್ತಿಗೆ ಬ್ರೇಕು ಕಾದು ಅದೂ ಇಲ್ಲ. ಡ್ರೈವರ್ ಗುಡ್ಡದ ಕಡೆಯ ಚರಂಡಿಗೆ ಇಳಿಸಿ ಬಂಡೆಗೆ ಉಜ್ಜಿ ನಿಲ್ಲಿಸಿದ. ಗಾಲಿಗೆ ಮರದ ಕಟ್ಟೆ ಕೊಡೋಕೆ ಹಾರಿದ ಕ್ಲೀನರ್ ಹುಡುಗನ ಕಾಲು ಗಾಲಿಯಡಿ ಸಿಕ್ಕಿತು. ಜೀವ ಉಳೀತು, ಕಾಲು ಉಳೀಲಿಲ್ಲ.

"ಬಿಚ್ಚಿ ನೋಡಿದಾಗ ಎಣ್ಣೆ ನೋಡಿ ನಂಗೊಬ್ಬನಿಗೇ ಗೊತ್ತಾಯ್ತು ಸಾರ್. ಯಾರೂ ಕೇಳಲಿಲ್ಲ. ವೈರು ಹೋಗಿತ್ತು ಅಂದ್ಕೊಂಡ್ರು" ಅಂದ್ರು. ಲಾರಿ ಗುಜರಿಗೆ ಹೋದಾಗ ಈ ಮುದ್ದೆಯನ್ನು ಮಾತ್ರ ಅವರು ಎತ್ತಿಟ್ಟುಕೊಂಡದ್ದು.

ಮೂರನೆಯ ಪದ್ಧತಿ ಏರ್ ಶಿಫ್ಟ್. ಬ್ರೇಕಿಗೆ ಹೇಗೂ ಲಾರಿಯಲ್ಲಿ ಒತ್ತಿದ ಗಾಳಿ ಇರುತ್ತೆ, ಅದನ್ನೇ ಡಯಾಫ್ರಾಮ್ ಮೇಲೆ ಬಿಟ್ಟರೆ ಹೈ, ಗಾಳಿ ಬಿಟ್ಟುಕೊಟ್ಟರೆ ಸ್ಪ್ರಿಂಗ್ ವಾಪಸ್ ಲೋಗೆ ತಳ್ಳುತ್ತೆ. ಗಾಳಿಯೇ ಹೋಯ್ತು ಅನ್ನಿ, ಆಗಲೂ ಸ್ಪ್ರಿಂಗ್ ಎಳೆಯೋದು ಲೋ ಕಡೆಗೇ, ಮಧ್ಯಕ್ಕಲ್ಲ. ಮೋಟರು ಅರ್ಧಕ್ಕೆ ಕೈಕೊಟ್ಟರೆ ಎಲ್ಲಿ ನಿಲ್ಲುತ್ತೋ ದೇವರೇ ಬಲ್ಲ. ಆದರೆ ಇಲ್ಲಿ ಕೆಟ್ಟಾಗ ಎಲ್ಲಿಗೆ ಹೋಗಬೇಕು ಅನ್ನೋದನ್ನು ಮೊದಲೇ ನಿರ್ಧರಿಸಿದ್ದಾರೆ. ಕೋಡ್ ಬರೆಯುವಾಗ ನಾವು ಎಷ್ಟು ಜನ ಹೀಗೆ ಯೋಚಿಸ್ತೀವಿ ಹೇಳಿ?

ನಮ್ಮ ಲಾರಿಗಳಲ್ಲಿ ಇದು ಯಾಕೆ ಬೇರು ಬಿಡಲಿಲ್ಲ? ನನ್ನ ಅಂದಾಜು ಹೀಗೆ. 1954ರಲ್ಲಿ ಟಾಟಾ-ಮರ್ಸಿಡಿಸ್, 1955ರಲ್ಲಿ ಅಶೋಕ್ ಲೇಲ್ಯಾಂಡ್ ಬಂದ ಮೇಲೆ ನಮ್ಮದು ಡೀಸೆಲ್ ಯುಗ, ವ್ಯಾಕ್ಯೂಮ್ ಶಿಫ್ಟಿಗೆ ಅಲ್ಲಿಗೇ ಕಷ್ಟ. ಇನ್ನು ಆಗಿನ ರಸ್ತೆಯಲ್ಲಿ, ಆಗಿನ ಓವರ್‌ಲೋಡಿನಲ್ಲಿ ಹೈ ಅನುಪಾತ ಯಾರಿಗೆ ಬೇಕಿತ್ತು? ಸದಾ ಲೋನಲ್ಲೇ ಓಡುವ ಗಾಡಿಗೆ ಎರಡು ಸ್ಪೀಡ್ ಯಾಕೆ? ಅಮೆರಿಕದಲ್ಲೂ ಅದೇ ಈಟನ್ 1958ರಲ್ಲಿ ಫುಲ್ಲರ್ ಗೇರ್‌ಬಾಕ್ಸ್ ಕಂಪನಿಯನ್ನು ಕೊಂಡಿತು. ಫುಲ್ಲರ್ ಗೇರ್‌ಬಾಕ್ಸಿನ ಹಿಂಭಾಗದಲ್ಲೇ ಗಾಳಿಯಿಂದ ಬದಲಾಗುವ ಹೈ-ಲೋ ರೇಂಜ್ ಇತ್ತು. ಆಕ್ಸಲ್ ಮಾಡ್ತಿದ್ದ ಕೆಲಸ ಮುಂದಕ್ಕೆ ಸರೀತು. ಇವತ್ತು ಬಳ್ಳಾರಿ ರಸ್ತೆಯಲ್ಲಿ ಹೋಗೋ ಒಂಬತ್ತು ಗೇರಿನ ಲಾರಿ ಡ್ರೈವರ್ ಹೆಬ್ಬೆರಳಿನಿಂದ ತಟ್ಟುವ ರೇಂಜ್ ಸ್ವಿಚ್ ಆ ಹಳೇ ಗುಂಡಿಯ ಹತ್ತಿರದ ಸಂಬಂಧಿ. 1998ರಲ್ಲಿ ಈಟನ್ ತನ್ನ ದೊಡ್ಡ ಲಾರಿಗಳ ಆಕ್ಸಲ್ ವ್ಯಾಪಾರವನ್ನೇ ಡಾನಾ ಕಂಪನಿಗೆ ಮಾರಿತು.

ನಮ್ಮ ರಾಜ್ಯದ ಆಕ್ಸಲ್ ಕಥೆ ಮಾತ್ರ ಈಟನ್‌ನ ಎದುರಾಳಿಯ ಮನೆತನದ್ದು. ಮೈಸೂರಿನ ಹೂಟಗಳ್ಳಿಯ ಆಟೋಮೋಟಿವ್ ಆಕ್ಸಲ್ಸ್ 1981ರಲ್ಲಿ ಕಲ್ಯಾಣಿ ಸಮೂಹ ಮತ್ತು ಅಮೆರಿಕದ ರಾಕ್‌ವೆಲ್ ಸೇರಿ ಕಟ್ಟಿದ್ದು. ರಾಕ್‌ವೆಲ್ ಹಿಂದೆ ಟಿಮ್ಕನ್-ಡೆಟ್ರಾಯಿಟ್. ಅವರೂ ಗ್ರಹಗಳ ಗೇರಿನ ಬದಲು ಎರಡು ಜೋಡಿ ಹಲ್ಲುಚಕ್ರ ಇಟ್ಟು ತಮ್ಮದೇ ಎರಡು ಸ್ಪೀಡಿನ ಆಕ್ಸಲ್ ಮಾಡುತ್ತಿದ್ದವರು. ಆ ವಂಶ ಮುಂದೆ ಮೆರಿಟರ್ ಆಗಿ, 2022ರಲ್ಲಿ ಕಮಿನ್ಸ್ ಪಾಲಾಯ್ತು. ತಮಾಷೆ ಅಂದ್ರೆ ಎಲೆಕ್ಟ್ರಿಕ್ ಗಾಡಿಗಳು ಬಂದ ಮೇಲೆ ಹಿಂದಿನ ಆಕ್ಸಲ್‌ಗೆ ಮತ್ತೆ ಎರಡು ಗೇರು ಬಂದಿದೆ. 2019ರ ಪೋರ್ಷೆ ಟೈಕಾನ್ ಕಾರಿನಲ್ಲಿ ಹಿಂದಿನ ಮೋಟರಿಗೆ ಎರಡು ಸ್ಪೀಡು. ಶಿಫ್ಟ್ ಆಗೋ ಕ್ಷಣ ಈಗ ಸಾಫ್ಟ್‌ವೇರ್ ಲೆಕ್ಕ ಹಾಕುತ್ತೆ.

ಹೋದ ಭಾನುವಾರ ಆ ಮುದ್ದೆಯನ್ನು ಬಿಚ್ಚಿದೆವು. ಮೇಸ್ತ್ರಿ ಬಿಚ್ಚೋಕೆ ಬಿಟ್ಟದ್ದೇ ದೊಡ್ಡದು. ಒಳಗೆ ಎಣ್ಣೆ ಡಾಂಬರಿನ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆ ಸಿಗಲಿಲ್ಲ, ಡೀಸೆಲ್‌ನಲ್ಲಿ ತೊಳೆದು, ಮಗ ಹೊಸ ವೈರ್ ಹಾಕಿದ. 10 ನಂಬರ್ ಎಣ್ಣೆ ಹುಡುಕಿ ತಂದದ್ದು ನಾನು. ಬ್ಯಾಟರಿ ಕೊಟ್ಟಾಗ ಮೊದಲು ಬರೀ ಕಿಡಿ, ಎರಡನೇ ಸಲಕ್ಕೆ ಗುಂಯ್ ಅಂತ ತಿರುಗಿತು. ಫೋರ್ಕ್ ಹಿಡಿಯುವ ಕಡ್ಡಿಯನ್ನು ಮೇಸ್ತ್ರಿ ಇಕ್ಕಳದಲ್ಲಿ ಗಟ್ಟಿಯಾಗಿ ಹಿಡಿದಿದ್ದರು. ಮೋಟರು ತಾನಾಗಿ ನಿಂತಿತು, ಸ್ಪ್ರಿಂಗ್ ಮುರಿಗೊಂಡು ಕಾಯ್ತಾ ಇತ್ತು.

"ಬಿಡಿ ಮೇಸ್ತ್ರಿ" ಅಂದೆ.

ಅವರು ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು.