ಹಿಮದ ನಡುವೆ ಹದಿನೇಳು ಜನರ ಮನೆ



ನಮ್ಮ ಕರಾವಳಿಯ ಕಾಳುಮೆಣಸಿಗೂ ಉತ್ತರ ಧ್ರುವದ ಕಡೆಯ ಒಂದು ಮರದ ಮನೆಗೂ ನಂಟುಂಟು. 16ನೇ ಶತಮಾನದಲ್ಲಿ ಹೊನ್ನಾವರ, ಭಟ್ಕಳ, ಮಲಬಾರಿನ ಮೆಣಸನ್ನು ಪೋರ್ಚುಗೀಸರು ಯುರೋಪಿಗೆ ಒಯ್ಯುತ್ತಿದ್ದರು. ದಕ್ಷಿಣದ ಸಮುದ್ರಮಾರ್ಗ ಅವರ ಕಾವಲಿನಲ್ಲಿತ್ತು. 1583ರಲ್ಲಿ ಗೋವಾಕ್ಕೆ ಬಂದು ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದ ಲಿನ್ಸ್‌ಖೋಟನ್ ಎಂಬ ಡಚ್ಚ ಈ ವ್ಯಾಪಾರವನ್ನು ಕಣ್ಣಾರೆ ಕಂಡವನು. ಉತ್ತರದ ಹಿಮಸಮುದ್ರವನ್ನು ಬಳಸಿ ಪೂರ್ವದೇಶಗಳಿಗೆ ದಾರಿ ಹುಡುಕಲು 1594 ಮತ್ತು 1595ರಲ್ಲಿ ಹೊರಟ ಡಚ್ಚರೊಡನೆ ಅವನೂ ಹೋಗಿದ್ದ. ದಾರಿ ಸಿಗಲಿಲ್ಲ.

1596ರಲ್ಲಿ ಹೀಮ್ಸ್‌ಕರ್ಕ್ ಮತ್ತು ವಿಲ್ಲೆಮ್ ಬಾರೆಂಟ್ಸ್ ಮತ್ತೆ ಹೊರಟರು. ಆಗಸ್ಟ್ ಕೊನೆಗೆ ಅವರ ಹಡಗು ನೊವಾಯ ಜೆಮ್ಲ್ಯಾ ದ್ವೀಪದ ಬಳಿ ಮಂಜುಗಡ್ಡೆಯಲ್ಲಿ ಸಿಕ್ಕಿಬಿತ್ತು. ಇದ್ದವರು 17 ಜನ. ಚಳಿಗಾಲ ಕಳೆಯಲು ಮನೆ ಬೇಕು. ಅಲ್ಲಿ ಮರ ಬೆಳೆಯುವುದಿಲ್ಲ. ಆದರೆ ಸಮುದ್ರ ತೇಲಿಸಿ ತಂದ ದಿಮ್ಮಿಗಳು ದಡದಲ್ಲಿ ಬಿದ್ದಿದ್ದವು. ಅವನ್ನು ಜಾರುಬಂಡಿಯಲ್ಲಿ ಎಳೆದು ತಂದರು. ಹಡಗಿನ ಹಲಗೆಗಳನ್ನು ಕಿತ್ತು ಬಳಸಿದರು, ಹಾಯಿಬಟ್ಟೆಯನ್ನು ಮಾಡಿಗೆ ಹೊದಿಸಿದರು. ಕೆಲಸದ ನಡುವೆಯೇ ಅವರ ಬಡಗಿ ತೀರಿಕೊಂಡ. ಉಳಿದವರು ಮನೆ ಮುಗಿಸಿದರು.

ನಡುವೆ ಒಲೆ, ಮೇಲೆ ಹೊಗೆಗಂಡಿ, ಗೋಡೆಯುದ್ದಕ್ಕೂ ಮಲಗುವ ಅಟ್ಟಣೆ. ಒಂದು ಪೀಪಾಯಿ ಸ್ನಾನದ ತೊಟ್ಟಿಯಾಯಿತು. ಚಳಿಗೆ ಗಡಿಯಾರ ನಿಂತಾಗ 12 ಗಂಟೆಯ ಮರಳುಗಡಿಯಾರ ತಿರುವಿ ಹೊತ್ತು ಎಣಿಸಿದರು. ದೀಪಕ್ಕೆ ಕರಡಿಯ ಕೊಬ್ಬು. ಬೋನಿಗೆ ಬಿದ್ದ ನರಿಯ ಮಾಂಸ ಊಟಕ್ಕೆ, ತುಪ್ಪಳ ಟೋಪಿಗೆ. ರೊಟ್ಟಿಯನ್ನು ಅಳೆದು ಹಂಚಿದರು. ಬ್ಯಾಂಕಿನಲ್ಲಿ ಲೆಕ್ಕ ಬರೆದು ಮುದುಕನಾದ ನನಗೆ ಈ ಅಳತೆಯ ಬಾಳು ಬಹಳ ಹಿಡಿಸಿತು.

ಡಿಸೆಂಬರ್ 7ರಂದು ಮಾತ್ರ ಎಲ್ಲರೂ ಸಾಯುವುದರಲ್ಲಿದ್ದರು. ಕಲ್ಲಿದ್ದಲು ಉರಿಸಿ, ಬಿಸಿ ಹೊರಗೆ ಹೋಗದಿರಲೆಂದು ಬಾಗಿಲನ್ನೂ ಹೊಗೆಗಂಡಿಯನ್ನೂ ಬಿಗಿಯಾಗಿ ಮುಚ್ಚಿದರು. ಸ್ವಲ್ಪ ಹೊತ್ತಿಗೆ ತಲೆ ತಿರುಗತೊಡಗಿತು. ಕೈಕಾಲಲ್ಲಿ ಶಕ್ತಿ ಉಳಿದವರು ಎದ್ದು ಹೊಗೆಗಂಡಿ, ಬಾಗಿಲು ತೆಗೆದರು. ಯಾವ ಚಳಿಯನ್ನು ಹೊರಗಿಟ್ಟಿದ್ದರೋ ಆ ಚಳಿಯ ಗಾಳಿಯೇ ಅವರನ್ನು ಬದುಕಿಸಿತು.

ಆ ವಿಷ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೀಲಗಿರಿಯ, ವಯನಾಡಿನ ಬಂಧುಗಳೇ, ಚಳಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಒಳಗಿಟ್ಟು, ಕಿಟಕಿ ಬಾಗಿಲು ಮುಚ್ಚಿ ಮಲಗಬೇಡಿ. ಹೊಗೆ ಕಾಣದಿದ್ದರೂ ಕೆಂಡ ಕೊಲ್ಲುತ್ತದೆ.

1597ರ ಜೂನ್‌ನಲ್ಲಿ ಅವರು ಎರಡು ತೆರೆದ ದೋಣಿಗಳಲ್ಲಿ ಹೊರಟರು. ಬಾರೆಂಟ್ಸ್ ದಾರಿಯಲ್ಲೇ ತೀರಿಕೊಂಡ. ನವೆಂಬರ್ 1ರಂದು ಆಮ್‌ಸ್ಟರ್‌ಡ್ಯಾಮ್ ಮುಟ್ಟಿದವರು 12 ಜನ. 1871ರಲ್ಲಿ ನಾರ್ವೆಯ ನಾವಿಕ ಕಾರ್ಲ್ಸನ್ ಆ ಮನೆಯನ್ನು ಕಂಡಾಗ ಅವರ ಸಾಮಾನುಗಳು ಇನ್ನೂ ಅಲ್ಲಿದ್ದವು. ಅವುಗಳಲ್ಲಿ ಹಲವು ಇಂದು ಆಮ್‌ಸ್ಟರ್‌ಡ್ಯಾಮಿನ ವಸ್ತುಸಂಗ್ರಹಾಲಯದಲ್ಲಿವೆ.

ಮನೆಗೆ ಗೋಡೆ ಎಷ್ಟು ಮುಖ್ಯವೋ ಗಾಳಿಗಂಡಿಯೂ ಅಷ್ಟೇ ಮುಖ್ಯ.