ಸೂರು ಕಟ್ಟುವ ಹಕ್ಕು ಯಾರದು: ಭೂಕಂಪೋತ್ತರ ಪುನರ್ನಿರ್ಮಾಣ ಮತ್ತು ವಿದೇಶಿ ನೆರವು

ಭೂಕಂಪದಲ್ಲಿ ನೆಲಸಮವಾದ ಊರುಗಳನ್ನು ಹೊರದೇಶಗಳ ಹಣದಿಂದ ಮತ್ತೆ ಕಟ್ಟುವಾಗ, ಗುತ್ತಿಗೆದಾರರಿಂದ ಸಾಲುಮನೆ ಕಟ್ಟಿಸಿ ಸಂತ್ರಸ್ತರ ಕೈಗೆ ಬೀಗದಕೈ ಒಪ್ಪಿಸುವ ಪದ್ಧತಿಯೇ ಬಹುಕಾಲ ನಡೆದುಬಂದಿತ್ತು. ಅದನ್ನು ಬುಡದಿಂದ ಪ್ರಶ್ನಿಸುವಂತೆ ಮಾಡಿದ ಅನುಭವಗಳಲ್ಲಿ ಗ್ವಾಟೆಮಾಲಾದ್ದು ಮುಖ್ಯವಾದುದು. 1976ರ ಫೆಬ್ರವರಿ 4ರ ಭೂಕಂಪದಲ್ಲಿ ಅಲ್ಲಿ ಸುಮಾರು 23,000 ಜನ ಸತ್ತರು. ಹಸಿ ಇಟ್ಟಿಗೆಯ ಗೋಡೆ ಮತ್ತು ಅದರ ಮೇಲಿನ ಭಾರವಾದ ಹೆಂಚಿನ ಮಾಡು ಬಹಳ ಜೀವಗಳನ್ನು ಬಲಿ ತೆಗೆದುಕೊಂಡಿದ್ದವು. ಆಕ್ಸ್‌ಫ್ಯಾಮ್ ಮತ್ತು ವರ್ಲ್ಡ್ ನೇಬರ್ಸ್ ಸಂಸ್ಥೆಗಳು ಸಿದ್ಧಮನೆಗಳನ್ನು ಹಂಚುವ ಬದಲು ಹಗುರವಾದ ತಗಡುಗಳನ್ನು ಕಡಿಮೆ ಬೆಲೆಗೆ ಒದಗಿಸಿ, ನಡುಕವನ್ನು ತಾಳುವಂತೆ ಗೋಡೆ ಕಟ್ಟುವ ಕ್ರಮವನ್ನು ಊರಿನ ಕಸಬುದಾರರಿಗೆ ಕಲಿಸಿದವು. ಈ ಕಾರ್ಯಕ್ರಮಕ್ಕೆ ಸಲಹೆಗಾರರಾಗಿದ್ದ ಎಂಜಿನಿಯರ್ ಫ್ರೆಡ್ ಕ್ಯೂನಿ 1983ರ ತಮ್ಮ ಗ್ರಂಥದಲ್ಲಿ ವಿಪತ್ತನ್ನು ಅಭಿವೃದ್ಧಿಯ ಪ್ರಶ್ನೆಯಾಗಿ ಬೆಳೆಸಿದರು. ಅದಕ್ಕೂ ಮೊದಲೇ, 1982ರಲ್ಲಿ, ಸೂರಿನ ವಿಷಯದಲ್ಲಿ ಬದುಕುಳಿದವರ ಸ್ವಂತ ದುಡಿಮೆಯೇ ಮೊದಲ ಸಂಪನ್ಮೂಲವೆಂದು ವಿಶ್ವಸಂಸ್ಥೆಯ ಮಾರ್ಗಸೂಚಿ ಒಪ್ಪಿಕೊಂಡಿತ್ತು.

ಒಪ್ಪಿಕೊಂಡದ್ದು ಆಚರಣೆಗೆ ಬರಲು ಮಾತ್ರ ತಡವಾಯಿತು. ಕರ್ನಾಟಕದ ಗಡಿಗೆ ಸಮೀಪದ ಲಾತೂರು ಪ್ರದೇಶದಲ್ಲಿ 1993ರ ಸೆಪ್ಟೆಂಬರ್ 30ರ ಭೂಕಂಪದ ನಂತರ ವಿಶ್ವಬ್ಯಾಂಕಿನ ಸಾಲದಿಂದ ನಡೆದ ಕೆಲಸದಲ್ಲಿ ಹಳೆಯ ಮತ್ತು ಹೊಸ ಪದ್ಧತಿಗಳೆರಡೂ ಅಕ್ಕಪಕ್ಕದಲ್ಲಿದ್ದವು: ಹೆಚ್ಚು ಹಾನಿಗೊಂಡ ಹಳ್ಳಿಗಳನ್ನು ನಗರದ ಬಡಾವಣೆಯಂತೆ ನೇರ ಬೀದಿಗಳ ಹೊಸ ನೆಲೆಗೆ ಸಾಗಿಸಿದರೆ, ಉಳಿದೆಡೆ ಮನೆಯವರಿಗೇ ಹಣ ಕೊಡಲಾಯಿತು, ಅಲ್ಲಿ ಹಳ್ಳಿಯ ಹೆಂಗಸರೇ ‘ಸಂವಾದ ಸಹಾಯಕ’ರಾಗಿ ಸರ್ಕಾರಕ್ಕೂ ಜನರಿಗೂ ನಡುವೆ ನಿಂತರು. 2001ರ ಕಛ್ ಭೂಕಂಪದ ಬಳಿಕ ಈ ಎರಡನೆಯ ಮಾರ್ಗವೇ ‘ಮಾಲೀಕ ನೇತೃತ್ವದ ಪುನರ್ನಿರ್ಮಾಣ’ ಎಂಬ ಹೆಸರಿನಲ್ಲಿ ನೆಲೆಯೂರಿತು. ಕೆಲಸ ಮುಂದುವರಿದಂತೆ ಕಂತುಗಳಲ್ಲಿ ಹಣ ನೀಡಿ, ಎಂಜಿನಿಯರರಿಂದ ಪರಿಶೀಲಿಸಿ, ಮನೆಯ ವಿನ್ಯಾಸವನ್ನು ಮನೆಯವರಿಗೇ ಬಿಡುವುದು ಇದರ ತಿರುಳು. 2005ರ ಭೂಕಂಪದ ನಂತರ ಪಾಕಿಸ್ತಾನವೂ ಇದನ್ನೇ ಅನುಸರಿಸಿತು. ಮರದ ಚೌಕಟ್ಟಿನ ಸಂದುಗಳಿಗೆ ಕಲ್ಲುಮಣ್ಣು ತುಂಬುವ ಕಾಶ್ಮೀರದ ‘ಧಜ್ಜಿ’ ಗೋಡೆಗೆ ಅಲ್ಲಿ ಸರ್ಕಾರದ ಮನ್ನಣೆ ದೊರೆತದ್ದು ಸ್ಥಳೀಯ ಜ್ಞಾನಕ್ಕೆ ಸಂದ ದೊಡ್ಡ ಗೌರವ.

2010ರ ಭೂಕಂಪದ ಬಳಿಕ ಹೈಟಿಯಲ್ಲಿ ಈ ಪಾಠಗಳು ಮರೆತುಹೋದವು. ಘೋಷಿತ ಹಣದ ಬಹುಪಾಲು ವಿದೇಶಿ ಸಂಸ್ಥೆಗಳ ಮೂಲಕವೇ ಹರಿದು, ಆ ದೇಶದ ಸರ್ಕಾರದ ಕೈಗೆ ಅತ್ಯಲ್ಪ ಸಿಕ್ಕಿತು.

2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9,000 ಜನರನ್ನು ಕಳೆದುಕೊಂಡ ನೇಪಾಳ, ವಿದೇಶಿ ನೆರವನ್ನು ತನ್ನದೇ ಪುನರ್ನಿರ್ಮಾಣ ಪ್ರಾಧಿಕಾರದ ಅಡಿಯಲ್ಲಿ ಸೇರಿಸಲು ಯತ್ನಿಸಿ, ಪ್ರತಿ ಮನೆಗೆ ಮೂರು ಕಂತುಗಳಲ್ಲಿ 3 ಲಕ್ಷ ನೇಪಾಳಿ ರೂಪಾಯಿ ನಿಗದಿಪಡಿಸಿತು. ಗೋರ್ಖಾ ಮತ್ತು ನುವಾಕೋಟ್ ಜಿಲ್ಲೆಗಳ 50,000 ಮನೆಗಳಿಗೆ ಭಾರತ ನೆರವಾಯಿತು. ಆದರೆ ರಾಜಕೀಯ ತಿಕ್ಕಾಟದಿಂದ ಪ್ರಾಧಿಕಾರದ ಕೆಲಸ ತಿಂಗಳುಗಟ್ಟಲೆ ತಡವಾಗಿ, ಕುಟುಂಬಗಳು ತಗಡಿನ ಜೋಪಡಿಗಳಲ್ಲೇ ಮಳೆಗಾಲ ಕಳೆದವು. ಅದಕ್ಕಿಂತ ಗಂಭೀರವಾದ ಕೊರತೆ ‘ಮಾಲೀಕ’ ಎಂಬ ಪದದಲ್ಲೇ ಅಡಗಿದೆ. ಅನುದಾನ ಪಡೆಯಲು ‘ಲಾಲ್‌ಪುರ್ಜಾ’, ಅಂದರೆ ಭೂಮಿಯ ಒಡೆತನದ ಪತ್ರ, ತೋರಿಸಬೇಕಾಗಿದ್ದುದರಿಂದ, ತಲೆಮಾರುಗಳಿಂದ ಪರರ ನೆಲದಲ್ಲಿ ಬಾಳಿದವರೂ ಬಾಡಿಗೆದಾರರೂ ಪಟ್ಟಿಯ ಹೊರಗುಳಿದರು. ನಿಯಮಗಳು ಸಡಿಲಗೊಳ್ಳುವ ಹೊತ್ತಿಗೆ ನೆರೆಯವರ ಹೊಸ ಮನೆಗಳ ಗೋಡೆಗಳು ಎದ್ದಿದ್ದವು.