ಮೋತು ಉತಾ: ಪೊಮಾರೆ ಅರಸರ ಕಿರುದ್ವೀಪ

ತಹೀತಿಯ ವಾಯವ್ಯ ತೀರದಲ್ಲಿ, ಅಗ್ನಿಪರ್ವತಗಳು ಎತ್ತಿ ನಿಲ್ಲಿಸಿದ ಶಿಖರಗಳ ಪಾದದಲ್ಲಿ, ಪಪೀಟೆಯ ಲಗೂನು ಹರಡಿಕೊಂಡಿದೆ. ಹೊರಗೆ ಹವಳದ ದಿಬ್ಬ ಕೋಟೆಯ ಗೋಡೆಯಂತೆ ಮಹಾಸಾಗರದ ಅಲೆಗಳನ್ನು ತಡೆದಿದೆ. ಕಣಿವೆಯ ತೊರೆಗಳ ಸಿಹಿನೀರು, ಹೂಳು ಬಂದು ಸೇರುವಲ್ಲಿ ಹವಳ ಬೆಳೆಯಲಾರದು. ಗೋಡೆಯಲ್ಲಿ ನಾವೆಗಳಿಗೆ ದ್ವಾರ ತೆರೆದದ್ದು ಹಾಗೆ. ಆ ದ್ವಾರದ ಒಳಗೆ, ತೆಂಗಿನ ನೆರಳು ಹೊತ್ತು, ತಗ್ಗಾಗಿ ನೀರಿಗಂಟಿ ನಿಂತಿದ್ದದ್ದು ಮೋತು ಉತಾ. ಗತಯುಗಗಳ ವಾರಸುದಾರರಾದ ನಾವು ಈ ಹಿಡಿಯಷ್ಟು ನೆಲವನ್ನು ಆದರದಿಂದ ನೋಡಬೇಕು. ಬಂದರಿನ ಬಾಗಿಲನ್ನು ಕಾಯುವಂತಹ ಅದರ ನೆಲೆಯೇ ಅದರ ಭಾಗ್ಯವನ್ನೂ ದೌರ್ಭಾಗ್ಯವನ್ನೂ ಬರೆಯಿತು.

1803ರಲ್ಲಿ ತಹೀತಿಯಲ್ಲಿ ತಂದೆಯ ಅಧಿಕಾರಕ್ಕೆ ಉತ್ತರಾಧಿಕಾರಿಯಾದ ಎರಡನೆಯ ಪೊಮಾರೆ 1808ರಲ್ಲಿ ಪರಾಭವಗೊಂಡು ನೆರೆಯ ಮೂರೆಯಾ ದ್ವೀಪಕ್ಕೆ ಓಡಿಹೋದ. ದೇಶಭ್ರಷ್ಟನಾದ ಅರಸನೊಬ್ಬ ಮರಳಿ ಬರುವುದು ವಿಧಿಯ ವಿರಳ ವರ. 1815ರ ನವೆಂಬರಿನ ತೆ ಫೆಯಿಪಿ ಸಮರದಲ್ಲಿ ಅದು ಅವನಿಗೆ ಒಲಿಯಿತು. ಗೆದ್ದ ಮೇಲೆ ಸೋತವರನ್ನು ಕೊಲ್ಲಿಸದೆ ಕ್ಷಮಿಸಿದ್ದು ಅವನ ಜಯಕ್ಕಿಂತಲೂ ಮಹತ್ತರವೆಂದು ನಾನು ಭಾವಿಸುತ್ತೇನೆ. ಹಳೆಯ ದೇವತಾಮೂರ್ತಿಗಳು ಉರುಳಿದವು. 1819ರಲ್ಲಿ ಅವನು ಕ್ರೈಸ್ತ ದೀಕ್ಷಾಸ್ನಾನ ಪಡೆದ. ರಾಜಧರ್ಮದ ಗದ್ದಲದಿಂದ ಬೇಸತ್ತಾಗ ಅವನು ಅರಸಿದ ಏಕಾಂತ ಈ ಕಿರುದ್ವೀಪ. ಇಲ್ಲಿಯೇ ಅವನು ಬೋರಲು ಮಲಗಿ ಬರೆಯುತ್ತಿದ್ದ. ಬೈಬಲನ್ನು ತಹೀತಿಯ ನುಡಿಗೆ ತರುವ ಮಿಷನರಿ ಹೆನ್ರಿ ನಾಟ್‌ನ ಕಾರ್ಯಕ್ಕೆ ಕೈಜೋಡಿಸಿದ. 1821ರಲ್ಲಿ ಅವನು ತೀರಿಕೊಂಡ.

ಅವನ ಮಗಳು, ನಾಲ್ಕನೆಯ ಪೊಮಾರೆ, 1827ರಿಂದ ಅರ್ಧಶತಮಾನ ಆಳಿದಳು. ಆದರೆ ಹವಳದ ಗೋಡೆಯ ಆ ದ್ವಾರದಿಂದಲೇ ಫ್ರೆಂಚರ ಯುದ್ಧನೌಕೆಗಳೂ ಬಂದವು. 1842ರಲ್ಲಿ ಫ್ರೆಂಚ್ ನೌಕಾಧಿಪತಿ ದ್ಯುಪೆತಿ-ತುಆರನ ಒತ್ತಡಕ್ಕೆ ರಕ್ಷಿತರಾಜ್ಯದ ಒಪ್ಪಂದವಾಯಿತು. 1844ರಲ್ಲಿ ಜನ ಶಸ್ತ್ರವೆತ್ತಿದರು. ರಾಣಿ ರಾಯಿಯಾತೆಯಾ ದ್ವೀಪಕ್ಕೆ ಸರಿದು 1847ರಲ್ಲಿ ಮರಳಿದಳು, ಅಧಿಕಾರ ಮಾತ್ರ ಮರಳಲಿಲ್ಲ. 1880ರ ಜೂನ್ 29ರಂದು ಐದನೆಯ ಪೊಮಾರೆ ರಾಜ್ಯವನ್ನೇ ಫ್ರಾನ್ಸಿಗೆ ಒಪ್ಪಿಸಿದ. ಮೊದಲ ಮಹಾಯುದ್ಧವೂ ಈ ಬಂದರನ್ನು ಬಿಡಲಿಲ್ಲ: 1914ರ ಸೆಪ್ಟೆಂಬರ್ 22ರಂದು ಜರ್ಮನಿಯ ಷಾರ್ನ್‌ಹೋರ್ಸ್ಟ್, ಗ್ನೈಸೆನೌ ನೌಕೆಗಳು ಪಪೀಟೆಯ ಮೇಲೆ ಗುಂಡಿನ ಮಳೆಗರೆದವು.

ಕೊನೆಯ ದಂಡಯಾತ್ರೆ ಯಂತ್ರಗಳದು. 1960ರ ದಶಕದಲ್ಲಿ, ಮೊರುರೋವಾ ಹವಳದ್ವೀಪದ ಫ್ರೆಂಚ್ ಅಣುಪರೀಕ್ಷೆಗಳಿಗೆ ಸಾಮಗ್ರಿ ಹರಿದುಬಂದ ಆ ಕಾಲದಲ್ಲಿ, ಬಂದರನ್ನು ಹಿಗ್ಗಿಸಲು ಹವಳದ ದಿಬ್ಬದ ಮೇಲೆ ಮಣ್ಣು, ಕಾಂಕ್ರೀಟು ಸುರಿದರು. ಅರಸರ ಏಕಾಂತವಾಸ ಸುತ್ತಣ ನೀರನ್ನು ಕಳೆದುಕೊಂಡು ಹಡಗುಕಟ್ಟೆಗಳೊಳಗೆ ಕರಗಿತು. ಈಗ ಅಲ್ಲಿ ತಹೀತಿಯ ಸರಕು ಇಳಿಯುತ್ತದೆ.